ಮಗಳಿಗೆ ಕಾಯಿರಿ ಅಂದರು, ಮಗನಿಗೆ ಈಗಲೇ ಅಂದರು

ನಮ್ಮ ಮನೆಯಲ್ಲಿ ಹಲ್ಲು ಸೊಟ್ಟ ಇದ್ದದ್ದು ಮಗಳದ್ದು. ಮೊದಲು ಚಿಕಿತ್ಸೆ ಆದದ್ದು ಮಗನಿಗೆ. ಅವನದ್ದೋ ದಾಳಿಂಬೆ ಬೀಜ ಜೋಡಿಸಿದ ಹಾಗೆ ಸಾಲಾಗಿತ್ತು. ಅದು ಹೇಗೆ ಅಂತ ಗೊತ್ತಿದ್ದವರೆಲ್ಲ ಕೇಳುತ್ತಾರೆ, ಪ್ರತಿಸಲ ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿದೆ, ಹಾಗಾಗಿ ಇಲ್ಲೇ ಬರೆದು ಹಾಕುತ್ತೇನೆ.

ಮಗಳಿಗೆ 8 ವರ್ಷ ಆಗುವಾಗ ಮೇಲಿನ ನಾಲ್ಕು ಬಾಚಿಹಲ್ಲು ಬಂದಿದ್ದವು. ಬಂದದ್ದು ಬೀಸಣಿಗೆ ಬಿಚ್ಚಿದ ಹಾಗೆ. ನಡುವಿನ ಎರಡರ ಮಧ್ಯೆ ಸಂದು, ಪಕ್ಕದ ಎರಡು ಆಚೆ ಈಚೆ ವಾಲಿಕೊಂಡು. ಹಾಲುಹಲ್ಲನ್ನು ಸರಿಯಾಗಿ ಹಂಚಿನ ಮೇಲೆ ಬಿಸಾಡದೇ ಇದ್ದದ್ದಕ್ಕೆ ಹೀಗಾಯಿತು ಅಂತ ನಮ್ಮ ಅತ್ತೆ. ಉಡುಪಿಯಲ್ಲಿ ಫ್ಲ್ಯಾಟ್‌ನಲ್ಲಿ ಇರುವವರು ಹಂಚು ಎಲ್ಲಿಂದ ತರುವುದು? ಪಕ್ಕದವರ ಕಾರ್ ಶೆಡ್ಡಿನ ಶೀಟಿನ ಮೇಲೆ ಬಿಸಾಡಿದ್ದೆವು, ಟಣ್ ಅಂತ ಸದ್ದಾಗಿ ಅವರು ಹೊರಗೆ ಬಂದು ನೋಡಿದ್ದರು.

ಅದೇ ವರ್ಷ ಒಂದು ಉಪನಯನದ ಊಟದಲ್ಲಿ ನಮ್ಮ ಸಂಬಂಧಿಕರೊಬ್ಬರು ಮಗಳ ಗಲ್ಲ ಹಿಡಿದು ಎತ್ತಿ, ಬಾಳೆಎಲೆಯ ಎದುರೇ, "ಹೆಣ್ಣು ಮಗು ಮಾರಾಯ್ತಿ, ಬೇಗ ಒಂದು ಕ್ಲಿಪ್ ಹಾಕಿಸಿ ಬಿಡು" ಅಂದರು. ಆಮೇಲೆ ಅವಳು ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯಲು ಶುರು ಮಾಡಿದಳು. ನನಗೆ ಹಲ್ಲಿಗಿಂತ ಆ ಕೈ ಜಾಸ್ತಿ ಕಾಡಿತು. ಮಾರನೇ ವಾರವೇ ಕರೆದುಕೊಂಡು ಹೋದೆ.

ಮೊದಲು ಹೋದ ಕ್ಲಿನಿಕ್ಕಿನ ಹೆಸರು ಬೇಡ. ಅಲ್ಲಿ ಎರಡು ನಿಮಿಷ ಬಾಯಿ ನೋಡಿದರು, ಎಕ್ಸ್‌ರೇ ತೆಗೆಯಲಿಲ್ಲ, ಈಗಲೇ ಕ್ಲಿಪ್ ಹಾಕಿದರೆ ಬೇಗ ಸರಿಯಾಗುತ್ತದೆ ಅಂದರು, ಕಂತಿನ ಲೆಕ್ಕ ಬರೆದ ಚೀಟಿ ಕೈಗೆ ಕೊಟ್ಟರು. ಹಾಕಿಸಿಯೇ ಬಿಡುತ್ತಿದ್ದೆನೋ ಏನೋ. ನನ್ನ ಗಂಡ ತಡೆದರು. ಮೂಳೆ, ಹಲ್ಲಿನ ವಿಷಯ, ಇನ್ನೊಬ್ಬರಿಗೆ ತೋರಿಸುವ ಅಂದರು. ಅವರು ಹಾಗೆ ಹೇಳಿದ್ದು ಖರ್ಚಿನ ಹೆದರಿಕೆಗೆ ಅಂತ ನನಗೆ ಇವತ್ತಿಗೂ ಅನುಮಾನ ಇದೆ, ಆದರೆ ಒಳ್ಳೆಯದೇ ಆಯಿತು.

ಎರಡನೆಯ ಡಾಕ್ಟರು ಹಲ್ಲನ್ನು ಮುಟ್ಟುವ ಮೊದಲು ವಸಡನ್ನು ಮುಟ್ಟಿದರು. ಗ್ಲೌಸ್ ಹಾಕಿದ ಬೆರಳನ್ನು ಮೇಲಿನ ವಸಡಿನ ಮೇಲೆ, ಮೂಗಿನ ಪಕ್ಕಕ್ಕೆ ಬರುವ ಜಾಗದಲ್ಲಿ ಮೆಲ್ಲ ಒತ್ತುತ್ತಾ ಹೋದರು. ಏನು ಹುಡುಕುತ್ತಿದ್ದಾರೆ ಅಂತ ನನಗೆ ಗೊತ್ತಾಗಲಿಲ್ಲ. ಎಕ್ಸ್‌ರೇ ಬಂದ ಮೇಲೆ ತೋರಿಸಿದರು. ಕೋರೆಹಲ್ಲು ಎರಡೂ ಇನ್ನೂ ಮೂಳೆಯೊಳಗೆ, ಮೇಲೆ, ಬಾಣದ ತುದಿಯ ಹಾಗೆ ಕೆಳಗೆ ಮುಖ ಮಾಡಿಕೊಂಡಿದ್ದವು. ಅವು ಇಳಿಯುವಾಗ ಬಾಚಿಹಲ್ಲಿನ ಬೇರನ್ನು ಒತ್ತುತ್ತವೆ, ಬೇರು ಒಳಗೆ ಹೋದರೆ ತುದಿ ಹೊರಗೆ ವಾಲುತ್ತದೆ, ಅದಕ್ಕೇ ಬೀಸಣಿಗೆ. ಕೋರೆಹಲ್ಲು 11, 12ನೇ ವಯಸ್ಸಿಗೆ ಹೊರಗೆ ಬಂದ ಮೇಲೆ ಇವು ತಾವಾಗಿ ಹತ್ತಿರ ಬರುತ್ತವೆ, 2 ಮಿಲಿಮೀಟರ್ ಒಳಗಿನ ಸಂದಾದರೆ ಸಾಮಾನ್ಯವಾಗಿ ಮುಚ್ಚಿಯೇ ಹೋಗುತ್ತದೆ. ಹಲ್ಲಿನ ಡಾಕ್ಟರುಗಳು ಈ ಹಂತಕ್ಕೆ 'ಅಗ್ಲಿ ಡಕ್ಲಿಂಗ್ ಸ್ಟೇಜ್', ಅಂದರೆ ಕುರೂಪಿ ಬಾತುಕೋಳಿ ಮರಿಯ ಹಂತ, ಅನ್ನುತ್ತಾರೆ. ಈಗ ಬಲವಂತವಾಗಿ ಬಾಚಿಹಲ್ಲನ್ನು ನೇರ ಮಾಡಲು ಹೋದರೆ ಅದರ ಬೇರು ಹೋಗಿ ಇಳಿಯುತ್ತಿರುವ ಕೋರೆಹಲ್ಲಿಗೆ ತಾಗಬಹುದು, ಬೇರಿಗೇ ಪೆಟ್ಟು. "ಎಂತ ಮಾಡುವುದು ಬೇಡ, ಆರು ತಿಂಗಳಿಗೊಮ್ಮೆ ತೋರಿಸಿ" ಅಂದರು. ಅಷ್ಟೇ.

ನನಗೆ ಸಮಾಧಾನ ಆಯಿತು ಅಂತ ಹೇಳಲಾರೆ. ಡಾಕ್ಟರು ಏನಾದರೂ ಮಾಡಿದರೆ ದುಡ್ಡು ಕೊಟ್ಟದ್ದಕ್ಕೆ ಸಾರ್ಥಕ ಅನಿಸುತ್ತದೆ, ಸುಮ್ನೆ ಕಾಯಿರಿ ಅಂದರೆ ಏನೋ ಕಮ್ಮಿಯಾದ ಹಾಗೆ, ಅಲ್ವಾ? ಹೋದ ಕಡೆಯಲ್ಲೆಲ್ಲ "ಇನ್ನೂ ಹಾಕಿಸಲಿಲ್ವಾ?" ಅನ್ನುವ ಪ್ರಶ್ನೆಗೆ ಮೂರು ವರ್ಷ ಉತ್ತರ ಕೊಟ್ಟೆ. ಮಗಳಿಗೆ ಮಾತ್ರ ಆ ಎಕ್ಸ್‌ರೇ ಕೆಲಸ ಮಾಡಿತು. ಒಳಗೆ ಹಲ್ಲು ಬರುತ್ತಾ ಇದೆ ಅಂತ ಕಣ್ಣಾರೆ ನೋಡಿದ್ದಳು, ಶಾಲೆಯಲ್ಲಿ ಯಾರಾದರೂ ಕೇಳಿದರೆ ಅದನ್ನೇ ವಿವರಿಸುತ್ತಿದ್ದಳಂತೆ.

ಅವಳಿಗೆ 11 ಆದಾಗಿನ ಒಂದು ಭೇಟಿಗೆ ತಮ್ಮನನ್ನೂ ಕರೆದುಕೊಂಡು ಹೋದೆ, ಮನೆಯಲ್ಲಿ ಬಿಡಲು ಯಾರೂ ಇರಲಿಲ್ಲ. ಅವನಿಗೆ ಆಗ 8. ಆ ಮೇಲೆಕೆಳಗೆ ಆಗುವ ಕುರ್ಚಿಯಲ್ಲಿ ತಾನೂ ಕೂರಬೇಕು ಅಂತ ಹಟ. ಕೂರಿಸಿದರು, ಹಲ್ಲು ಕಚ್ಚು ಮಗಾ ಅಂದರು. ಕಚ್ಚಿದ. ಇನ್ನೊಮ್ಮೆ ಅಂದರು. ಅವನ ಕೆಳದವಡೆ ಮುಚ್ಚುವಾಗ ಕೊನೆಯ ಗಳಿಗೆಯಲ್ಲಿ ಬಲಕ್ಕೆ ಸ್ವಲ್ಪ ಜಾರುತ್ತಿತ್ತು, ಸರಿಯಾಗಿ ಕೂರದ ಬಾಗಿಲಿನ ಹಾಗೆ. ಎಂಟು ವರ್ಷ ನಾನೇ ಊಟ ಮಾಡಿಸಿದ ಬಾಯಿ, ನಾನು ನೋಡಿರಲಿಲ್ಲ. ಮೇಲಿನ ದವಡೆ ಕಿರಿದಾಗಿ, ಬಲಗಡೆಯ ಹಿಂದಿನ ಹಲ್ಲುಗಳು ಕೆಳಗಿನ ಹಲ್ಲಿನ ಒಳಗೆ ಕೂರುತ್ತಿದ್ದವು. ಕ್ರಾಸ್‌ಬೈಟ್. ಇದನ್ನು ಮಾತ್ರ ಕಾಯುವುದು ಬೇಡ ಅಂದರು. ಬಿಟ್ಟರೆ ದವಡೆ ಹಾಗೇ ಒಂದು ಬದಿಗೆ ಬೆಳೆಯುವ ಸಾಧ್ಯತೆ ಇದೆ. ಮೇಲಿನ ಅಂಗುಳ ಎರಡು ತುಂಡು ಮೂಳೆ ನಡುವೆ ಹೊಲಿಗೆ ಹಾಕಿದ ಹಾಗೆ ಇರುತ್ತದೆ, ಚಿಕ್ಕವರಲ್ಲಿ ಆ ಹೊಲಿಗೆ ಸುಲಭವಾಗಿ ಬಿಚ್ಚಿಕೊಳ್ಳುತ್ತದೆ, ಹದಿಹರೆಯ ದಾಟುವ ಹೊತ್ತಿಗೆ ಗಟ್ಟಿಯಾಗಿ ಕೂಡಿಕೊಳ್ಳುತ್ತದೆ, ಆಮೇಲೆ ಅಗಲ ಮಾಡಬೇಕಾದರೆ ಆಪರೇಶನ್‌ವರೆಗೂ ಹೋಗಬಹುದು.

ಎಕ್ಸ್‌ಪ್ಯಾಂಡರ್ ಹಾಕಿದರು. ಅಂಗುಳದ ಅಡ್ಡಕ್ಕೆ ಒಂದು ಸ್ಟೀಲಿನ ಸಾಮಾನು, ನಡುವೆ ಸ್ಕ್ರೂ. ಅದನ್ನು ತಿರುಗಿಸುವ ಕೆಲಸ ತಂದೆತಾಯಿಯದ್ದು! ತಲೆಪಿನ್ನಿನಂಥ ಒಂದು ಕೀ ಕೊಡುತ್ತಾರೆ. ಮಗುವನ್ನು ಮಂಚದಲ್ಲಿ ಮಲಗಿಸಿ, ಮೊಬೈಲ್ ಟಾರ್ಚ್ ಹಿಡಿದು, ಸ್ಕ್ರೂವಿನ ಸಣ್ಣ ತೂತಿಗೆ ಕೀ ತೂರಿಸಿ ಗಂಟಲಿನ ಕಡೆಗೆ ತಳ್ಳಬೇಕು, ಮುಂದಿನ ತೂತು ಕಂಡಿತು ಅಂದರೆ ಒಂದು ಸುತ್ತಿನ ಕಾಲುಭಾಗ ಆಯಿತು, ಕಾಲು ಮಿಲಿಮೀಟರಿನಷ್ಟು ಅಗಲ. ಮೊದಲ ದಿನ ನನ್ನ ಕೈ ನಡುಗಿತು. ಮೂರನೇ ದಿನಕ್ಕೆ ಅವನೇ "ಅಮ್ಮ, ಬೇಗ ತಿರುಗಿಸು, ಆಡಲು ಹೋಗಬೇಕು" ಅಂದ. ಹೆಚ್ಚುಕಡಿಮೆ ಮೂರು ವಾರ ಹೀಗೆ. ಎರಡನೇ ವಾರ ಮುಂದಿನ ಹಲ್ಲಿನ ನಡುವೆ ದೊಡ್ಡ ಸಂದು ಬಿದ್ದಾಗ ಅತ್ತೆ ಗಾಬರಿ, ಇದ್ದ ಹಲ್ಲನ್ನೂ ಕೆಡಿಸಿದಿರಲ್ಲ ಅಂತ. ಅಂಗುಳ ಬಿಚ್ಚಿಕೊಂಡದ್ದರ ಗುರುತೇ ಅದು, ಕೆಲವು ತಿಂಗಳಲ್ಲಿ ಮುಚ್ಚಿತು. ತಿರುಗಿಸುವುದು ಮುಗಿದ ಮೇಲೂ, ನಡುವೆ ಹೊಸ ಮೂಳೆ ತುಂಬುವವರೆಗೆ ಅದನ್ನು ಬಾಯಲ್ಲೇ ಆರು ತಿಂಗಳು ಬಿಟ್ಟರು.

ತಮಾಷೆ ಆದದ್ದು ಮಾತಿನಲ್ಲಿ. ನಮ್ಮ ಟ, ಡ, ಣ, ಳ ಎಲ್ಲ ನಾಲಿಗೆ ಮೇಲೆ ಮಡಚಿ ಅಂಗುಳಕ್ಕೆ ತಾಗಿಸಿಯೇ ಬರಬೇಕು. ಅಲ್ಲಿ ಸ್ಟೀಲ್ ಕೂತಿತ್ತು. ಎರಡು ವಾರ ಬಾಳೆಹಣ್ಣು ಬಾಲೆಹನ್ನು ಆಯಿತು, ಅಕ್ಕ ಬೇಕಂತಲೇ ದಿನಕ್ಕೆ ಹತ್ತು ಸಲ ಅದನ್ನು ಹೇಳಿಸಿದಳು.

ಅವಳದ್ದು? ಡಾಕ್ಟರು ಹೇಳಿದ ಹಾಗೆ ಸಂದು ತಾನಾಗಿ ಮುಚ್ಚಿತು. ಆದರೆ ಎಡಗಡೆಯ ಕೋರೆಹಲ್ಲಿಗೆ ಜಾಗ ಸಾಲದೆ ಅದು ಮೇಲೆ ಹತ್ತಿ ಕೂತಿತು, ಹಲ್ಲಿನ ಮೇಲೆ ಹಲ್ಲು. ಹನ್ನೆರಡೂವರೆಗೆ, ಕೊನೆಯ ಹಾಲುಹಲ್ಲೂ ಬಿದ್ದ ಮೇಲೆ, ಕ್ಲಿಪ್ ಹಾಕಿದರು. ಆ ಹೊತ್ತಿಗೆ ಹಾಕಿದ್ದಕ್ಕೆ ಒಂದೇ ಸಲಕ್ಕೆ ಎಲ್ಲ ಹಲ್ಲೂ ಸಿಕ್ಕಿತು. 8ಕ್ಕೆ ಹಾಕಿದ್ದರೆ ಆಮೇಲೆ ಮತ್ತೊಮ್ಮೆ ಹಾಕಬೇಕಿತ್ತು, ದುಡ್ಡೂ ಎರಡು ಸಲ. ಹಾಕುವ ಮೊದಲು ಎರಡು ತಿಂಗಳು ಅವಳ ಬ್ರಶ್ ಪರೀಕ್ಷೆ ಮಾಡಿದರು ಡಾಕ್ಟರು, ಸರಿ ಉಜ್ಜದಿದ್ದರೆ ಕ್ಲಿಪ್ ತೆಗೆದಾಗ ಹಲ್ಲಿನ ಮೇಲೆ ಬಿಳಿ ಕಲೆ ಉಳಿಯುತ್ತದಂತೆ. ಎಂಟನೇ ವಯಸ್ಸಿನಲ್ಲಿ ಅವಳು ಬ್ರಶ್ ಮಾಡುತ್ತಿದ್ದದ್ದು ಹೇಗಿತ್ತು ಅಂತ ನನಗೆ ಗೊತ್ತು, ಬಿಡಿ.

ಎಸ್‌ಎಸ್‌ಎಲ್‌ಸಿ ಮುಗೀಲಿ, ಆಮೇಲೆ ಹಾಕಿಸುವ ಅನ್ನುವವರು ನಮ್ಮಲ್ಲಿ ತುಂಬ. ಹಲ್ಲು ಯಾವ ವಯಸ್ಸಿನಲ್ಲೂ ಸರಿಸಬಹುದು, ಅದು ನಿಜ. ಬರೀ ಹಲ್ಲು ಹಿಂದೆಮುಂದೆ ಇದ್ದರೆ ಕಾದರೂ ಮುಳುಗಿಹೋಗುವುದಿಲ್ಲ. ದವಡೆಯೇ ಹಿಂದೆ ಅಥವಾ ಕಿರಿದು ಇದ್ದರೆ ಬೆಳೆಯುವ ವಯಸ್ಸು ಬೇಕು, ಆ ಬೆಳವಣಿಗೆ ಹುಡುಗಿಯರಲ್ಲಿ ಹುಡುಗರಿಗಿಂತ ಸುಮಾರು ಎರಡು ವರ್ಷ ಬೇಗ ಬಂದು ಬೇಗ ಮುಗಿಯುತ್ತದೆ. ಹತ್ತನೇ ಕ್ಲಾಸಿಗೆ ಕಾದು ಕೂತರೆ ಅದು ಹೋಗಿರುತ್ತದೆ. ನಿಮ್ಮ ಮಗುವಿನದ್ದು ಯಾವುದು ಅಂತ ಕನ್ನಡಿಯಲ್ಲಿ ಗೊತ್ತಾಗುವುದಿಲ್ಲ, ನನಗೆ ಗೊತ್ತಾಗಲಿಲ್ಲವಲ್ಲ. ಅಮೆರಿಕದ ಆರ್ಥೊಡಾಂಟಿಸ್ಟ್‌ಗಳ, ಅಂದರೆ ಹಲ್ಲು ಸಾಲು ಮಾಡುವ ಡಾಕ್ಟರುಗಳ, ಸಂಘ 7 ವರ್ಷದೊಳಗೆ ಒಮ್ಮೆ ತೋರಿಸಿ ಅನ್ನುತ್ತದೆ. ತೋರಿಸಿ ಅಂತ, ಹಾಕಿಸಿ ಅಂತ ಅಲ್ಲ. ನಮ್ಮ ಕಡೆ ತೋರಿಸಲು ಕಷ್ಟವೂ ಇಲ್ಲ, ಮಣಿಪಾಲದಲ್ಲಿ ಡೆಂಟಲ್ ಕಾಲೇಜು 1965ರಿಂದ ಇದೆ, ಮಂಗಳೂರು, ದೇರಳಕಟ್ಟೆಯಲ್ಲೂ ಇವೆ.

ಮಗಳ ಕ್ಲಿಪ್ಪಿಗೆ ಈಗ ಎಂಟು ತಿಂಗಳು. ಕೋರಿರೊಟ್ಟಿ ಸಾರಿನಲ್ಲಿ ಪೂರ್ತಿ ನೆನೆದ ಮೇಲೆ ತಿನ್ನುತ್ತಾಳೆ, ನೀರ್‌ದೋಸೆಗೆ ತೊಂದರೆ ಇಲ್ಲ. ಹಲಸಿನ ಹಪ್ಪಳ ಮಾತ್ರ ಬಿಡಲಾಗಲಿಲ್ಲ, ಕಳೆದ ಮಳೆಗಾಲದಲ್ಲಿ ಎರಡು ಸಲ ಬ್ರ್ಯಾಕೆಟ್, ಕ್ಲಿಪ್ಪಿನಲ್ಲಿ ಹಲ್ಲಿಗೆ ಅಂಟಿಸುವ ಸಣ್ಣ ತುಂಡು, ಕಿತ್ತುಬಂತು. ಎರಡನೇ ಸಲ ಅದನ್ನು ಟಿಶ್ಯೂವಿನಲ್ಲಿ ಸುತ್ತಿ ಪೆನ್ಸಿಲ್ ಬಾಕ್ಸಿನಲ್ಲಿ ಬಚ್ಚಿಟ್ಟಿದ್ದಳು. ತಮ್ಮ ಬಂದು ನನಗೆ ಚಾಡಿ ಹೇಳಿದ.