ಮಾಹಿತಿ ಹಕ್ಕು ಅರ್ಜಿಯ ಫ್ಲೋಚಾರ್ಟ್: ಮೂರು ಕರಡು

ಗುರಿ: ಅರ್ಜಿಯಿಂದ ಎರಡನೇ ಮೇಲ್ಮನವಿಯವರೆಗಿನ ದಾರಿ ತರಬೇತಿಯ ಒಂದೇ ಸ್ಲೈಡಿನಲ್ಲಿ ಕಾಣಬೇಕು. ಪವರ್‌ಪಾಯಿಂಟ್, 13.33 × 7.5 ಇಂಚು.

ಕರಡು 1
14 ಪೆಟ್ಟಿಗೆ, 12 ಪಾಯಿಂಟ್ ಅಕ್ಷರ. ಹಿಂದಿನ ಸಾಲಿಗೆ ಏನೂ ಕಾಣದು. ಕಲಂ, ಗಡುವು, ಯಾರ ಕೆಲಸ ಎಲ್ಲವನ್ನೂ ಪೆಟ್ಟಿಗೆಯೊಳಗೆ ತುರುಕಿದ್ದೇ ತಪ್ಪು. ಬೇರೆ ಕಚೇರಿಗೆ 5 ದಿನದೊಳಗಿನ ವರ್ಗಾವಣೆ, ಜೀವ-ಸ್ವಾತಂತ್ರ್ಯದ ವಿಷಯಕ್ಕೆ 48 ಗಂಟೆ: ಇವೆರಡೂ ಮುಂದಿನ ಸ್ಲೈಡಿಗೆ ಹೋದವು.

ಕರಡು 2
ಪೆಟ್ಟಿಗೆಯಲ್ಲಿ ಕೆಲಸ, ಬಾಣದ ಮೇಲೆ ಕಾಲ. ಈ ಒಂದು ಬದಲಾವಣೆಯಿಂದಲೇ ಚಿತ್ರ ತಿಳಿಯಾಯಿತು. ಅರ್ಜಿಯ ನಂತರದ ಬಾಣಕ್ಕೆ 30 ದಿನ, ಪ್ರಥಮ ಮೇಲ್ಮನವಿ ಹಾಕಲು 30, ಅದರ ತೀರ್ಮಾನಕ್ಕೆ 30ರಿಂದ 45, ಎರಡನೇ ಮೇಲ್ಮನವಿಗೆ ಮಾಹಿತಿ ಆಯೋಗಕ್ಕೆ ಹೋಗಲು 90.

“ಉತ್ತರ ಬಂತೇ?”, “ಉತ್ತರ ಸರಿಯಿದೆಯೇ?” ಎಂದು ಎರಡು ವಜ್ರಾಕೃತಿಗಳಿದ್ದವು. ಗಡುವಿನೊಳಗೆ ಉತ್ತರ ಬಾರದಿದ್ದರೆ ಕಾಯ್ದೆಯ ಪ್ರಕಾರ ಅದೂ ನಿರಾಕರಣೆಯೇ. ದಾರಿ ಎರಡಕ್ಕೂ ಒಂದೇ. ಹಾಗಾಗಿ “ಮಾಹಿತಿ ಸಿಕ್ಕಿತೇ?” ಎಂಬ ಒಂದೇ ಪ್ರಶ್ನೆ ಸಾಕು: ಅರ್ಜಿಯ ನಂತರ ಒಂದು ವಜ್ರ, ಪ್ರಥಮ ಮೇಲ್ಮನವಿಯ ನಂತರ ಇನ್ನೊಂದು. “ಇಲ್ಲ” ಯಾವಾಗಲೂ ಬಲಕ್ಕೆ, “ಹೌದು” ಯಾವಾಗಲೂ ಕೆಳಕ್ಕೆ, ಅಲ್ಲಿ “ಮುಗಿಯಿತು” ಎಂಬ ಒಂದೇ ಅಂಡಾಕೃತಿ. ಒಟ್ಟು 6 ಆಕೃತಿ ಉಳಿದವು.

ಕರಡು 3
ಅಳತೆ: 1.6 ಇಂಚು ಅಗಲದ ಮೂರು ಪೆಟ್ಟಿಗೆ, 2.2 × 1.6ರ ಎರಡು ವಜ್ರ, ನಡುವೆ 0.8ರ ನಾಲ್ಕು ಸಂದು, ಒಟ್ಟು 12.4. ವಜ್ರದಲ್ಲಿ ಅಕ್ಷರಕ್ಕೆ ಸಿಗುವುದು ಅರ್ಧ ಅಗಲ, ಅರ್ಧ ಎತ್ತರ ಮಾತ್ರ. ಅದರಲ್ಲೂ ಎಡ-ಬಲದ ಒಳ ಅಂಚು ತಲಾ 0.1 ಇಂಚು ತಿನ್ನುತ್ತದೆ, ಅದನ್ನು 0 ಮಾಡದಿದ್ದರೆ “ಸಿಕ್ಕಿತೇ” ನಡುವೆಯೇ ಮುರಿಯುತ್ತದೆ. ಜಾಗಕ್ಕೆ ತಕ್ಕಂತೆ ಅಕ್ಷರವನ್ನು ತಾನೇ ಕುಗ್ಗಿಸುವ ಆಟೋಫಿಟ್ ಬಂದ್ ಮಾಡಿ. ಇಲ್ಲವಾದರೆ ಒಂದೊಂದು ಆಕೃತಿಯಲ್ಲಿ ಒಂದೊಂದು ಗಾತ್ರ.

ಅಕ್ಷರ 18 ಪಾಯಿಂಟ್. ಸಾಲಿನ ಅಂತರವನ್ನು ಪಾಯಿಂಟಿನಲ್ಲಿ ಬಿಗಿಯಾಗಿ ಕಟ್ಟಿದಾಗ “ಪ್ರಥಮ”ದ ಒತ್ತು ಕೆಳಸಾಲಿನ “ಮೇ” ತಲೆಗೆ ತಾಗಿತು. 1.1 ಪಟ್ಟು ಇಟ್ಟಮೇಲೆ ಬಿಡಿಸಿಕೊಂಡಿತು. ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನ ಪಠ್ಯ, ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳ ರಾಶಿಯಾಗುತ್ತದೆ. ಈಗಿನ ವಿಂಡೋಸ್ ಜೊತೆಗೇ ಬರುವ ನಿರ್ಮಲಾ ಯುಐ ಕ್ಷೇಮ.

ಬಾಣದ ತುದಿಯನ್ನು ಆಕೃತಿಯ ಅಂಚಿನ ಚುಕ್ಕೆಗೇ ಬಿಡಬೇಕು; ಹಸಿರಾದರೆ ಅಂಟಿತು, ಪೆಟ್ಟಿಗೆ ಸರಿಸಿದರೂ ಜೊತೆಗೆ ಬರುತ್ತದೆ. “30 ದಿನ” ಎಂಬ ಚೀಟಿ ಮಾತ್ರ ಹಿಂಬಾಲಿಸುವುದಿಲ್ಲ. ಆದ್ದರಿಂದ ಆಕೃತಿಗಳ ಜಾಗ ಗಟ್ಟಿಯಾದ ಮೇಲೆಯೇ ಚೀಟಿ.

ಬಾಕಿ: “ಹೌದು”, “ಇಲ್ಲ” ಬಾಣಗಳು ಕಪ್ಪು-ಬಿಳುಪು ಮುದ್ರಣದಲ್ಲೂ ಬೇರೆಯಾಗಿ ಕಾಣುವಂತೆ ಒಂದನ್ನು ತುಂಡುಗೆರೆ ಮಾಡುವುದು.