ಗುಂಡಿ ತೋಡುವ ಮೊದಲು ಬೇಲಿಯಾಚೆ ನೋಡಿ

ಅಮೆರಿಕದ ಮಿಸೌರಿ ರಾಜ್ಯದ ಸೇಂಟ್ ಲೂಯಿಸ್ ಹತ್ತಿರ ಮನೆಯಂಗಳಗಳಲ್ಲಿ ಮರ ನೆಡುವುದು ನನ್ನ ಕೆಲಸ. ನನಗೆ ದೊಡ್ಡ ಪಾಠ ಕಲಿಸಿದ್ದು ಹಾಥಾರ್ನ್. ಇಲ್ಲಿಯದೇ ಮರ. 1923ರಿಂದ ಅದರ ಹೂವೇ ಈ ರಾಜ್ಯದ ಹೂವು.

ಒಬ್ಬ ಅಜ್ಜಿಗೆ ಅಡುಗೆಮನೆ ಕಿಟಕಿಯಿಂದ ಹಿಮದ ನಡುವೆ ಕೆಂಪು ಹಣ್ಣು ಕಾಣಬೇಕಿತ್ತು. ಅದಕ್ಕೆ ‘ವಿಂಟರ್ ಕಿಂಗ್’ ತಳಿ ಆರಿಸಿದೆ. ಮುಳ್ಳು ಕಡಿಮೆ, ಬೂದು ಬೆಳ್ಳಿ ಬಣ್ಣದ ತೊಗಟೆ, ವಸಂತದಲ್ಲಿ ಬಿಳಿ ಹೂ. ಎಲೆ ಉದುರಿದ ಮೇಲೂ ಹಣ್ಣು ಕೊಂಬೆಯಲ್ಲೇ ಇರುತ್ತದೆ. ಹೂವಿನ ವಾಸನೆ ಮಾತ್ರ ಎಲ್ಲರಿಗೂ ಹಿಡಿಸಲ್ಲ, ಹಾಗಾಗಿ ಕಿಟಕಿಯಿಂದ ಸ್ವಲ್ಪ ದೂರ ಬಿಟ್ಟೆ. ಬೇರಿನ ಉಂಡೆಗೆ ಕಟ್ಟಿದ್ದ ಗೋಣಿ, ಹಗ್ಗ ಬಿಚ್ಚಿದೆ. ಬುಡ ಹೂತುಹೋಗದ ಹಾಗೆ ನೆಟ್ಟೆ. ಬಿಸಿಲೂ ಚೆನ್ನಾಗಿತ್ತು.

ಮೂರನೇ ವರ್ಷ ಜುಲೈನಲ್ಲಿ ಅಜ್ಜಿ ಫೋನ್ ಮಾಡಿದರು. ಹೋಗಿ ನೋಡಿದರೆ, ಕಾಡು ಬೋರೆಯಷ್ಟು ಚಿಕ್ಕ ಕಾಯಿಗಳ ಮೈತುಂಬ ಬಿಳಿ ಕೊಳವೆಗಳು ಎದ್ದು ನಿಂತಿದ್ದವು. ಮುಟ್ಟಿದರೆ ಬೆರಳಿಗೆಲ್ಲ ಕಿತ್ತಳೆ ಬಣ್ಣದ ಪುಡಿ. ಸೀಡರ್-ಕ್ವಿನ್ಸ್ ತುಕ್ಕು ರೋಗ.

ಈ ರೋಗ ತರುವ ಶಿಲೀಂಧ್ರಕ್ಕೆ ಎರಡು ಮನೆ ಬೇಕು. ಒಂದು ಇಲ್ಲಿಯ ಕೆಂಪು ಸೀಡರ್, ಇನ್ನೊಂದು ಹಾಥಾರ್ನ್‌ನಂಥ ಸೇಬಿನ ಬಳಗದ ಮರ. ವಸಂತದಲ್ಲಿ ಮಳೆ ಹಿಡಿದಾಗ ಸೀಡರ್ ಕೊಂಬೆಯ ಮೇಲೆ ಕಿತ್ತಳೆ ಬಣ್ಣದ ಅಂಟು ಉಬ್ಬಿ ಬರುತ್ತದೆ. ಅಲ್ಲಿಂದ ಬೀಜಕಣ ಗಾಳಿಯಲ್ಲಿ ಹಾರಿ ಎಳೆಗಾಯಿಯ ಮೇಲೆ ಕೂರುತ್ತದೆ. ಬೇಲಿಯಾಚೆ ಎರಡು ದೊಡ್ಡ ಸೀಡರ್ ಮರಗಳಿದ್ದವು. ನೆಟ್ಟ ದಿನ ನಾನು ಗಾಡಿ ನಿಲ್ಲಿಸಿದ್ದು ಅವುಗಳ ನೆರಳಲ್ಲೇ. ಆದರೂ ತಲೆಯೆತ್ತಿ ನೋಡಿರಲಿಲ್ಲ.

ತಪ್ಪು ನನ್ನದೇ ಅಂತ ಅಜ್ಜಿಗೆ ನೇರವಾಗಿ ಹೇಳಿದೆ. ಈ ರೋಗಕ್ಕೆ ಮರ ಸಾಮಾನ್ಯವಾಗಿ ಸಾಯುವುದಿಲ್ಲ, ಹಣ್ಣು ಹಾಳಾಗುತ್ತದೆ. ಔಷಧಿ ಹೊಡೆಯಬೇಕಾದದ್ದು ಹೂ ಬಿಡುವ ಹೊತ್ತಿನಲ್ಲಿ. ಅದು ಜೇನುಹುಳ ಬರುವ ಸಮಯ, ಇಬ್ಬರಿಗೂ ಮನಸ್ಸಾಗಲಿಲ್ಲ. ಪಕ್ಕದ ಸೀಡರ್ ಕಡಿಸುವ ಮಾತೂ ಬಂತು. ಬೀಜಕಣ ಮೈಲಿಗಟ್ಟಲೆ ಹಾರುತ್ತದೆ, ಎಷ್ಟು ಮರ ಅಂತ ಕಡಿಸುವುದು? ಅವೂ ಇಲ್ಲಿಯದೇ ಮರಗಳು, ಅಲ್ವಾ.

ಕಿಟಕಿಯ ಇನ್ನೊಂದು ಪಕ್ಕ ಪಾಸಮ್‌ಹಾ ನೆಟ್ಟುಕೊಟ್ಟೆ, ದುಡ್ಡು ತೆಗೆದುಕೊಳ್ಳಲಿಲ್ಲ. ಅದು ಇಲ್ಲಿಯದೇ ಗಿಡ, ‘ಹಾಲಿ’ (holly) ಬಳಗದ್ದು, ಚಳಿಗಾಲದಲ್ಲಿ ಕೆಂಪು ಹಣ್ಣು, ಈ ತುಕ್ಕು ಅದಕ್ಕೆ ತಗಲಲ್ಲ. ಹತ್ತಿರ ಒಂದು ಗಂಡು ಗಿಡವನ್ನೂ ಹಾಕಬೇಕು, ಇಲ್ಲದಿದ್ದರೆ ಹಣ್ಣು ಕಟ್ಟಲ್ಲ.

ಈಗ ಹೊಸ ಮನೆಗೆ ಹೋದರೆ ಗುದ್ದಲಿಯನ್ನು ಗಾಡಿಯಲ್ಲೇ ಬಿಟ್ಟು ಮೊದಲು ಬೀದಿಯ ಎರಡೂ ಕಡೆ ನಡೆದು ಬರುತ್ತೇನೆ. ಅಜ್ಜಿಯ ಹಾಥಾರ್ನ್ ಇನ್ನೂ ಅಲ್ಲೇ ಇದೆ. ವಸಂತದಲ್ಲಿ ಮಳೆ ಕಡಿಮೆಯಾದ ವರ್ಷ ಹಣ್ಣು ಚೆನ್ನಾಗಿ ಕೆಂಪಾಗುತ್ತದೆ. ಆಗ ಅಜ್ಜಿ ಕಿಟಕಿಯಿಂದ ಫೋಟೋ ತೆಗೆದು ಕಳಿಸುತ್ತಾರೆ.