ಜೈಲಿನ ಪ್ರೇಮ ಬರೀ ಮಸಾಲೆಯೇ?

1950ರ ದಶಕದ ಅಮೆರಿಕದ ಅಗ್ಗದ ಕಾದಂಬರಿಗಳನ್ನು ಓದುತ್ತೇನೆ ಅಂದಾಗಲೆಲ್ಲ ಇದೇ ಪ್ರಶ್ನೆ: 'ಜೈಲಿನೊಳಗೆ ಗಂಡಸು ಗಂಡಸನ್ನು, ಹೆಂಗಸು ಹೆಂಗಸನ್ನು ಪ್ರೀತಿಸುವುದೆಲ್ಲ ಪುಸ್ತಕ ಮಾರಲು ಹಾಕಿದ ಮಸಾಲೆ ತಾನೇ?'

ಮುಖಪುಟದ ಮಟ್ಟಿಗೆ ಹೌದು. ಕಂಬಿ, ಹರಿದ ರವಿಕೆ, ಬೀಗದ ಕೈಗೊಂಚಲು ಹಿಡಿದ ವಾರ್ಡರಮ್ಮ. ಬೆಲೆ 25 ಸೆಂಟ್. ಕೊನೆಯ ಅಧ್ಯಾಯವೂ ಹೆಚ್ಚಾಗಿ ಲೇಖಕರದ್ದಲ್ಲ. ಮೇರಿಜೇನ್ ಮೀಕರ್ 1952ರಲ್ಲಿ ಇಬ್ಬರು ಹುಡುಗಿಯರ ಪ್ರೇಮದ ಬಗ್ಗೆ ಬರೆದಾಗ (ಅದು ಕಾಲೇಜಿನ ಕಥೆ, ಜೈಲಿನದಲ್ಲ) ಸಂಪಾದಕರು ಸುಖಾಂತ ಬೇಡ ಅಂದರು. ಸುಖಾಂತವಿದ್ದರೆ ಅಂಚೆ ಇಲಾಖೆ ಅಶ್ಲೀಲ ಅಂತ ಪುಸ್ತಕ ತಡೆಹಿಡಿಯುತ್ತದೆ ಅನ್ನುವ ಭಯ. ಹಾಗಾಗಿ ಒಬ್ಬಳು ಹುಚ್ಚಾಸ್ಪತ್ರೆ ಸೇರಿದಳು. ಅದೇ ವರ್ಷ ಅಮೆರಿಕದ ಸಂಸತ್ತಿನ ಸಮಿತಿಯೊಂದು ಇಂಥ ಪುಸ್ತಕಗಳ ವಿಚಾರಣೆಗೇ ಕೂತಿತ್ತು.

ನಡುವಿನ ಪುಟಗಳ ಮಾತು ಬೇರೆ. ಅಲ್ಲಿಗೆ ನಾನು ಅಮೆರಿಕದ ಲೇಖಕ ಚೆಸ್ಟರ್ ಹೈಮ್ಸ್ ಅವರನ್ನೇ ಸಾಕ್ಷಿಗೆ ಕರೆಯುತ್ತೇನೆ. ದರೋಡೆ ಮಾಡಿ 1928ರಲ್ಲಿ, ಹತ್ತೊಂಬತ್ತರ ವಯಸ್ಸಿಗೆ, ಒಹಾಯೊದ ಜೈಲು ಸೇರಿದವರು. ಶಿಕ್ಷೆ 20ರಿಂದ 25 ವರ್ಷ. 1930ರ ಏಪ್ರಿಲ್‌ನಲ್ಲಿ ಆ ಜೈಲಿಗೆ ಬೆಂಕಿ ಬಿದ್ದು ಮುನ್ನೂರಕ್ಕೂ ಹೆಚ್ಚು ಕೈದಿಗಳು ಸತ್ತರು. ಆ ಬೆಂಕಿಯ ಕಥೆಯನ್ನು ಅವರು ಜೈಲಿನಿಂದಲೇ ಬರೆದರು. 1934ರಲ್ಲಿ ಎಸ್ಕ್ವೈರ್ ಪತ್ರಿಕೆ ಅದನ್ನು ಅಚ್ಚು ಹಾಕಿದಾಗ ಲೇಖಕರ ಹೆಸರಿನ ಜಾಗದಲ್ಲಿದ್ದದ್ದು 59623, ಅವರ ಕೈದಿ ಸಂಖ್ಯೆ.

1936ರಲ್ಲಿ ಪೆರೋಲ್ ಮೇಲೆ ಹೊರಬಂದ ಹೈಮ್ಸ್ ಜೈಲಿನ ಬದುಕನ್ನೇ ಕಾದಂಬರಿ ಮಾಡಿದರು. ತಾವು ಕಪ್ಪುವರ್ಣೀಯರಾದರೂ ನಾಯಕ ಜಿಮ್ಮಿಯನ್ನು ಬಿಳಿಯನನ್ನಾಗಿಸಿದರು. ಜಿಮ್ಮಿ ಇನ್ನೊಬ್ಬ ಕೈದಿಯನ್ನು ಮನಸಾರೆ ಪ್ರೀತಿಸುತ್ತಾನೆ. ಪುಸ್ತಕ 1952ರಲ್ಲಿ ಹೊರಬಂತು, ಆದರೆ ಆ ಹೊತ್ತಿಗೆ ಕತ್ತರಿ ಆಡಿಯಾಗಿತ್ತು. ಪ್ರೇಮವನ್ನು ತೆಳುವಾಗಿಸಿದ್ದರು, ಜೊತೆಗೆ ಜಿಮ್ಮಿಯ ಮನೆ, ತಂದೆತಾಯಿ, ಹುಡುಗಾಟದ ದಿನಗಳನ್ನೂ ತೆಗೆದುಹಾಕಿದ್ದರು. ನನಗೆ ಹೆಚ್ಚು ನೋವು ಕೊಡುವುದು ಈ ಎರಡನೆಯ ಕತ್ತರಿ. ಹಿಂದಿನ ಬದುಕೇ ಇಲ್ಲದವನ ಪ್ರೀತಿ ಜೈಲು ಅಂಟಿಸಿದ ರೋಗದಂತೆ ಕಾಣುತ್ತದೆ. ಮನೆಯ ಕಥೆ ಓದಿ ಬಂದರೆ, ಚಿಕ್ಕಂದಿನಿಂದ ಅಕ್ಕರೆಗೆ ಹಸಿದ ಹುಡುಗನೊಬ್ಬನಿಗೆ ಅದು ಕೊನೆಗೂ ಸಿಕ್ಕಿತು ಅನ್ನಿಸುತ್ತದೆ.

ಜೈಲಿನಲ್ಲಿ ಬಲಾತ್ಕಾರ ನಡೆಯುತ್ತದೆ, ಅದನ್ನು ಪ್ರೇಮ ಅಂತ ಕರೆಯಲು ನಾನು ಸಿದ್ಧಳಿಲ್ಲ. ಆದರೆ ಅದೊಂದೇ ಇದೆ ಅಂದರೆ ಹೈಮ್ಸ್ ಕಂಡದ್ದನ್ನು ಸುಳ್ಳು ಮಾಡಿದಂತೆ.

ಕತ್ತರಿ ಆಡದ ಪೂರ್ತಿ ಕಾದಂಬರಿ ಬಂದದ್ದು 1998ರಲ್ಲಿ. ಹೈಮ್ಸ್ ಅಷ್ಟರಲ್ಲಿ ತೀರಿಕೊಂಡು ಹದಿನಾಲ್ಕು ವರ್ಷವಾಗಿತ್ತು. ಈ ಪ್ರಶ್ನೆ ಕೇಳಿದವರಿಗೆ ನಾನು ಕೊಡುವುದು ಆ ಪ್ರತಿಯನ್ನೇ.